ಅಂಚಿನ ಇಬ್ಬರು ಹುಡುಗಿಯರು

"ನಲವತ್ತು ಜನ ಹೋದ್ರು, ಮೂವತ್ತೆಂಟು ಜನ ಬಂದಿದ್ದಾರೆ. ಇನ್ನಿಬ್ಬರನ್ನ ಎಲ್ಲಿ ಬಚ್ಚಿಟ್ಟೆ, ಇಂಜಿನಿಯರಮ್ಮ?"

ಉಮ್ಮ್ ಸಿದ್ರಾಕ್, ಅಂದರೆ ಸಿದ್ರಾಕನ ತಾಯಿ, ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಬಾಯಿ ತೆರೆದಿದ್ದಳು. ಈಜಿಪ್ಟಿನ ಅಖ್ಮೀಮ್ ಊರಿನಲ್ಲಿ ಕಂಪ್ಯೂಟರಿನ ಮುಂದೆ ಕೂತವರೆಲ್ಲ ಇಂಜಿನಿಯರುಗಳೇ. ಆ ಬಿರುದಿನಲ್ಲಿ ಗೌರವ ಎಷ್ಟು, ಕುಟುಕು ಎಷ್ಟು ಎನ್ನುವುದು ಹೇಳುವವರ ಹುಬ್ಬು ನೋಡಿದರೆ ತಿಳಿಯುತ್ತದೆ. ಮುದುಕಿಯ ಹುಬ್ಬು ಈ ಹೊತ್ತು ಹಣೆಗೇ ಹತ್ತಿತ್ತು. ಯಾರದೋ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದ ನೆರ್ಮಿನ್ ಕತ್ತರಿ ಕೆಳಗಿಟ್ಟಳು.

"ಯಾವ ನಲವತ್ತು, ಖಾಲಾ?"

"ಯಾವ ನಲವತ್ತಂತೆ! ದಿಮ್ಯಾನಾ ತಾಯಿಯ ಹುಡುಗಿಯರು. ನೀನು ಪ್ರಿಂಟ್ ಹಾಕಿ ಕೊಟ್ಟೆಯಲ್ಲ, ಆ ಪಟದಲ್ಲಿ. ಕನ್ನಡಕ ಹಾಕ್ಕೊಂಡು ಒಂದು ಸಲ ಎಣಿಸಿದೆ, ತೆಗೆದು ಒಂದು ಸಲ ಎಣಿಸಿದೆ, ಆಮೇಲೆ ಚರ್ಚಿನ ಗಂಟೆ ಹೊಡೀತಾನಲ್ಲ ಆ ಮುದುಕ, ಅವನ ಕೈಲೂ ಎಣಿಸಿದೆ. ಮೂವತ್ತೆಂಟೇ."

"ಗಂಟೆ ಹೊಡೆಯೋನಿಗೆ ಹನ್ನೆರಡರ ಮೇಲೆ ಎಣಿಕೆ ಬರಲ್ಲ," ಎಂದು ಒಳಗಿನಿಂದ ಒಂದು ದನಿ ಬಂತು. ಅದು ನೆರ್ಮಿನ್‌ಳ ಅಪ್ಪ, ಉಸ್ತಾದ್ ವನೀಸ್. ಐವತ್ತು ವರ್ಷ ಈ ಊರಿನ ಮುಖಗಳನ್ನು ಕತ್ತಲೆ ಕೋಣೆಯಲ್ಲಿ ತೊಳೆದು ಒಣಗಿಸಿದವರು. ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ಅದೇ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಬಂದವರನ್ನು ಹೆಜ್ಜೆ ಸಪ್ಪಳದಲ್ಲೇ ಗುರುತಿಸುತ್ತ ಕೂತಿರುತ್ತಿದ್ದರು.

"ನೀವು ಸುಮ್ನಿರಿ ಉಸ್ತಾದ್. ಇದು ತಮಾಷೆ ಅಲ್ಲ."

ತಮಾಷೆ ಅಲ್ಲ ಎನ್ನುವುದು ನೆರ್ಮಿನ್‌ಗೂ ಅಷ್ಟರಲ್ಲಿ ಹೊಳೆದಿತ್ತು.

ದಿಮ್ಯಾನಾಳ ಪಟ ಮೂಲದಲ್ಲಿ ಒಂದು ಮರದ ಹಲಗೆ. ನಡುವೆ ಸಂತಳು ನಿಂತಿದ್ದಾಳೆ. ಎರಡೂ ಪಕ್ಕಗಳಲ್ಲಿ, ಕಾಲ ಬಳಿಯಲ್ಲಿ, ಅವಳ ಜೊತೆ ಪ್ರಾಣ ಕೊಟ್ಟ ನಲವತ್ತು ಹುಡುಗಿಯರು ಸಾಲುಗಟ್ಟಿದ್ದಾರೆ. ಹಲಗೆಗೆ ಹುಳು ಹಿಡಿದದ್ದರಿಂದ ಅದನ್ನು ರಿಪೇರಿಗೆಂದು ಕೈರೋಗೆ ಕಳಿಸಿದ್ದರು. ಈಸ್ಟರ್ ಕಳೆಯದೆ ವಾಪಸು ಬರುವುದಿಲ್ಲ. ಹಾಲು, ಮಾಂಸ ಮುಟ್ಟದ ಉಪವಾಸದ ಐವತ್ತೈದು ದಿನವೂ ಆ ಗೋಡೆ ಬರಿದಾಗಿದ್ದರೆ ಹೆಂಗಸರು ಸುಮ್ಮನಿರುವುದಿಲ್ಲವೆಂದು ಪಾದ್ರಿ ಅಬೂನಾ ಬಿಶಾಯ್ ನೆರ್ಮಿನ್‌ಳ ಹತ್ತಿರ ಬಂದಿದ್ದರು. ಹಲಗೆ ಊರು ಬಿಡುವ ಹಿಂದಿನ ದಿನ ಅವಳು ಅದನ್ನು ಚರ್ಚಿನ ಅಂಗಳದ ನೆರಳಿನಲ್ಲಿ ಒರಗಿಸಿ, ಪಕ್ಕದಲ್ಲಿ ಉಕ್ಕಿನ ಸ್ಕೇಲ್ ಇಟ್ಟು ಫೋಟೋ ತೆಗೆದಿದ್ದಳು. ಅಬೂನಾ ಕೇಳಿದ್ದು ಎರಡೇ ಮಾತು. "ಅಳತೆ ಒಂದಿಷ್ಟೂ ಆಚೀಚೆ ಆಗಬಾರದು, ಮಗಳೇ. ಮತ್ತೆ, ಸುತ್ತ ಬಿಳಿ ಅಂಚು ಬೇಡ. ಬಿಳಿ ಅಂಚು ಬಂದ್ರೆ ಅವಳು ಕ್ಯಾಲೆಂಡರ್ ಆಗಿಬಿಡ್ತಾಳೆ."

ಅಳತೆಯ ಮಾತಿಗೆ ಕಾರಣವಿತ್ತು. ಈ ಚರ್ಚಿನಲ್ಲಿ ಬಸುರಿ ಹೆಂಗಸರು ಒಂದು ಭಾನುವಾರ ಕೆಂಪು ದಾರ ತಂದು, ದಿಮ್ಯಾನಾಳ ನೆತ್ತಿಯಿಂದ ಪಾದದ ತುದಿಯವರೆಗೆ ಅಳೆದು, ಅಷ್ಟೇ ಉದ್ದಕ್ಕೆ ಕತ್ತರಿಸಿ, ಅದರ ಎರಡು ತುದಿಗೂ ರಿಬ್ಬನ್ ಸೇರಿಸಿ ಹೊಟ್ಟೆಗೆ ಕಟ್ಟಿಕೊಳ್ಳುತ್ತಾರೆ. ಮುಂದಿನ ಭಾನುವಾರ ಬಂದು ನಲವತ್ತು ಹುಡುಗಿಯರ ಮುಖವನ್ನು ಒಂದೊಂದಾಗಿ ಬೆರಳಿಟ್ಟು ಎಣಿಸುತ್ತಾರೆ. ಅಲ್ಲಿಗೆ ಹರಕೆ ಪೂರ್ತಿ. ದಾರ ಹೆರಿಗೆಯವರೆಗೆ ಬಿಚ್ಚುವಂತಿಲ್ಲ.

ಹೋದ ಭಾನುವಾರ ಹೊಸ ಪಟದಿಂದ ಮೊದಲ ದಾರ ಅಳೆದವಳು ಹಿಲಾನಾ. ನೆರ್ಮಿನ್‌ಳ ತಂಗಿ, ಉಮ್ಮ್ ಸಿದ್ರಾಕ್‌ಳ ಸೊಸೆ. ಅವಳಿಗೆ ಆರು ತುಂಬಿ ಏಳರಲ್ಲಿತ್ತು. ಹಿಂದೆ ಎರಡು ಸಲವೂ ಏಳನೇ ತಿಂಗಳೇ ಕೈಕೊಟ್ಟಿತ್ತು.

ಮುದುಕಿ ದನಿ ತಗ್ಗಿಸಿದಳು. "ಅವಳಿನ್ನೂ ಎಣಿಸಿಲ್ಲ. ಭಾನುವಾರ ಎಣಿಸ್ತಾಳೆ. ಎಣಿಸಿದಾಗ ಇಬ್ಬರು ಕಡಿಮೆ ಬಂದ್ರೆ, ಯಾವ ಇಬ್ಬರು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ."

ಬೀದಿಯಲ್ಲಿ ಹುರುಳಿಕಾಯಿ ಗಾಡಿಯವನು ಕೂಗಿಕೊಂಡು ಹೋದ. ಅವತ್ತು ಗುರುವಾರ.

ನೆರ್ಮಿನ್ ಕಂಪ್ಯೂಟರಿನಲ್ಲಿ ಆ ಚಿತ್ರವನ್ನು ತೆರೆದಳು. ಬಾಯಿಬಿಟ್ಟು ಎಣಿಸಿದಳು. ನಲವತ್ತು. ಮತ್ತೆ ಎಣಿಸಿದಳು, ನಲವತ್ತೇ. ಕೆಳಸಾಲಿನ ಎರಡು ಮೂಲೆಗಳಲ್ಲಿ, ಬರೆಯುತ್ತ ಬರೆಯುತ್ತ ಜಾಗ ಸಾಲದೆ ಹೋಗಿ ಯಾವನೋ ಹಳೇ ಚಿತ್ರಗಾರ ಇಬ್ಬರನ್ನು ಅರೆಬರೆಯಾಗಿ ತುರುಕಿದ್ದ. ಎಡಮೂಲೆಯವಳಿಗೆ ಒಂದು ಹಣೆ, ಒಂದು ಕಣ್ಣು. ಬಲಮೂಲೆಯವಳಿಗೆ ಅರ್ಧ ಕೆನ್ನೆ, ಅರ್ಧ ಬಾಯಿ. ಆ ಅರ್ಧ ಬಾಯಿ ನಗುವುದಕ್ಕೆ ಹೊರಟಂತಿತ್ತು. ಉಳಿದ ನಗೆ ಹಲಗೆಯಾಚೆ ಎಲ್ಲೋ ಇತ್ತು.

"ಇಲ್ಲಿದ್ದಾರೆ ಖಾಲಾ. ಇಬ್ಬರೂ ಇದ್ದಾರೆ."

"ಪೆಟ್ಟಿಗೆಯೊಳಗೆ ಇದ್ರೆ ಏನು ಬಂತು? ಗೋಡೆ ಮೇಲಿಲ್ಲವಲ್ಲ."

ಉಕ್ಕಿನ ಸ್ಕೇಲನ್ನು ಚೀಲಕ್ಕೆ ಹಾಕಿಕೊಂಡು ನೆರ್ಮಿನ್ ಚರ್ಚಿಗೆ ನಡೆದಳು. ಬೆಳಗಿನ ಪೂಜೆ ಮುಗಿದು ಒಳಗೆ ಧೂಪದ ವಾಸನೆ ಮಾತ್ರ ಉಳಿದಿತ್ತು. ತಾನೇ ಮಾಡಿದ ಪಟದ ಮುಂದೆ ನಿಂತು ಅವಳು ಮೊದಲು ಮೂಲೆಗಳನ್ನು ನೋಡಿದಳು. ಎಡಗಡೆ ಕಣ್ಣಿರಬೇಕಾದ ಕಡೆ ಬರೀ ಕಂದು ಬಣ್ಣ. ಬಲಗಡೆ ಏನೂ ಇಲ್ಲ. ಆಮೇಲೆ ಸ್ಕೇಲನ್ನು ಸಂತಳ ನೆತ್ತಿಗೆ ಹಚ್ಚಿದಳು. ಫೋಟೋದಲ್ಲಿ ಹಲಗೆಯ ಪಕ್ಕ ಇದ್ದ ಸ್ಕೇಲಿನ ಪ್ರಕಾರ ನೆತ್ತಿಯಿಂದ ಪಾದಕ್ಕೆ ಐವತ್ತೊಂದು ಸೆಂಟಿಮೀಟರ್. ಇಲ್ಲಿ ಐವತ್ತೆರಡು.

ಸಂತಳು ಒಂದು ಸೆಂಟಿಮೀಟರ್ ಬೆಳೆದಿದ್ದಳು. ಹಿಲಾನಾಳ ಹೊಟ್ಟೆಯ ಮೇಲಿದ್ದದ್ದು ದಿಮ್ಯಾನಾಳ ಅಳತೆಯೇ ಅಲ್ಲ.

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನೆರ್ಮಿನ್ ನಕ್ಕುಬಿಡುತ್ತಿದ್ದಳು. ಹಾಗೆ ನಕ್ಕಿದ್ದೂ ಉಂಟು. ಎರಡು ವರ್ಷದ ಹಿಂದೆ, ಎರಡನೇ ಬಸಿರಿನಲ್ಲಿ, ಹಿಲಾನಾ ಹೊಸ ಕೆಂಪು ದಾರದ ಉಂಡೆ ಹಿಡಿದುಕೊಂಡು ಚರ್ಚಿಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಬಂದಿದ್ದಳು. "ಇದನ್ನ ಯಾವ ಡಾಕ್ಟರ್ ಬರೆದುಕೊಟ್ಟ? ದಿನಕ್ಕೆ ಎಷ್ಟು ಸಲ, ಊಟಕ್ಕೆ ಮುಂಚೆಯೋ ಆಮೇಲೋ?" ಎಂದು ನೆರ್ಮಿನ್ ಕೇಳಿದ್ದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹಿಲಾನಾಳೂ ನಕ್ಕಳು. ನಕ್ಕು, ದಾರದ ಉಂಡೆಯನ್ನು ಟೇಬಲ್ಲಿನ ಮೇಲೆ ಬಿಟ್ಟು, ಮನೆಗೆ ಹೋದಳು. ಮೂರು ವಾರದ ಮೇಲೆ ಆಸ್ಪತ್ರೆ. ಯಾರೂ ನೆರ್ಮಿನ್‌ಗೆ ಒಂದು ಮಾತು ಅನ್ನಲಿಲ್ಲ. ದಾರಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಅವಳ ತಲೆಗೆ ಗೊತ್ತಿತ್ತು. ಆದರೂ ಆ ಉಂಡೆಯಿಂದ ಮದುವೆ ಫೋಟೋಗಳ ಸುರುಳಿಗಳನ್ನು ಕಟ್ಟಿ ಕೊಡುತ್ತಿದ್ದವಳು ಒಂದು ದಿನ ನಡುವೆಯೇ ನಿಲ್ಲಿಸಿ, ಉಳಿದದ್ದನ್ನು ಡ್ರಾಯರಿನ ಮೂಲೆಗೆ ತಳ್ಳಿದ್ದಳು.

ಅಂಗಡಿಗೆ ವಾಪಸು ಬಂದಾಗ ಉಮ್ಮ್ ಸಿದ್ರಾಕ್ ಅಪ್ಪನ ಎದುರು ಕೂತು ಹಾಲಿಲ್ಲದ ಚಹಾ ಕುಡಿಯುತ್ತಿದ್ದಳು.

"ಎಷ್ಟು ಬಂತು?" ಅಪ್ಪ ಕೇಳಿದರು.

"ಒಂದು ಸೆಂಟಿಮೀಟರ್ ಜಾಸ್ತಿ. ನಾನು ಸರಿಯಾಗೇ ಹಾಕಿದ್ದೆ ಬಾಬಾ. ನಿಜವಾದ ಅಳತೆ ಅಂತ ಗುರುತು ಹಾಕಿದ್ದೆ. ಕಾಗದಕ್ಕೆ ಹೊಂದಿಸು ಅಂತ ಹಾಕಿರಲಿಲ್ಲ. ಹಲಗೆಯ ಅಳತೆಗೆ ಹೇಳಿ ಮಾಡಿಸಿದ ಹಾಗೆ ಕಾಗದವೂ ಸಿಕ್ಕಿತ್ತು."

"ಅಂಚು?"

"ಅಂಚಿಲ್ಲದೆ ಹಾಕಿದೆ."

ವನೀಸ್ ಪೊರೆ ಬಂದ ಕಣ್ಣುಗಳನ್ನು ಮಗಳ ಕಡೆ ತಿರುಗಿಸಿದರು. "ಅಂಚು ಬಿಡದೆ ಹೊಡೆದ್ಯಾ?"

"ಅಬೂನಾ ಬಿಳಿ ಬೇಡ ಅಂದ್ರು."

"ಬಿಳಿ ಬೇಡ ಅಂದ್ರು. ಕತ್ತರಿ ಬೇಡ ಅಂದ್ರಾ?"

ನೆರ್ಮಿನ್ ಪ್ರಿಂಟರಿನ ಆಯ್ಕೆಗಳನ್ನು ತೆರೆದಳು. ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಅಲ್ಲ, ಅದರ ಹಿಂದೆ, ಪ್ರಿಂಟರಿನದೇ ಬೇರೆ ಪುಟ್ಟ ಕಿಟಕಿಯಲ್ಲಿ. ಹತ್ತು ವರ್ಷದಲ್ಲಿ ಅವಳು ಅದರೊಳಗೆ ಇಣುಕಿದ್ದು ಕಡಿಮೆ. ಅಂಚಿಲ್ಲದೆ ಮುದ್ರಿಸು ಎನ್ನುವುದರ ಕೆಳಗೆ ಒಂದು ಗೆರೆ, ಗೆರೆಯ ಮೇಲೆ ಒಂದು ಗುಂಡಿ: ಚಿತ್ರವನ್ನು ಎಷ್ಟು ಹಿಗ್ಗಿಸಬೇಕು. ಅವಳು ಕೇಳದೆಯೇ ಅದು ನಡುವಿನಾಚೆ ಹೋಗಿ ಕೂತಿತ್ತು. ಗುಂಡಿಯನ್ನು ತೀರ ಕೆಳಕ್ಕೆ ಎಳೆದು ಸಾದಾ ಹಾಳೆಯಲ್ಲಿ ಒಂದು ಪ್ರಿಂಟ್ ತೆಗೆದಳು. ಅಳತೆ ಸರಿಹೋಯಿತು. ಆದರೆ ಎಡಗಡೆ ಉದ್ದಕ್ಕೂ ಬಿಳಿ ಗೆರೆ. ಬಲಗಡೆ ಅಷ್ಟೇ ಅಗಲಕ್ಕೆ ಹುಡುಗಿ ಮಾಯ.

"ಕಾಗದ ಅನ್ನೋದು ಕತ್ತೆ ಇದ್ದ ಹಾಗೆ," ಎಂದರು ವನೀಸ್. "ಎಷ್ಟೇ ನೇರವಾಗಿ ಹೊಡೆದ್ರೂ ಕೂದಲೆಳೆಯಷ್ಟು ಆ ಕಡೆ ಈ ಕಡೆ ಹೋಗೇ ಹೋಗುತ್ತೆ. ಬಿಳಿ ಕಾಣಬಾರದು ಅಂದ್ರೆ ಚಿತ್ರ ಕಾಗದಕ್ಕಿಂತ ದೊಡ್ಡದಾಗಬೇಕು. ದೊಡ್ಡದಾಗಿದ್ದು ಅಂಚಿನಾಚೆ ಚೆಲ್ಲಬೇಕು. ನಿನ್ನ ಯಂತ್ರ ಅದನ್ನೇ ಮಾಡಿದೆ. ಸುಳ್ಳು ಹೇಳಿಲ್ಲ ಅದು."

"ನಾನು ಎರಡನ್ನೂ ಕೇಳಿದ್ದೆ ಬಾಬಾ. ಅಳತೆ ಸರಿ ಇರಬೇಕು, ಅಂಚೂ ಇರಬಾರದು ಅಂತ."

"ಎರಡೂ ಕೊಡಕ್ಕಾಗಲಿಲ್ಲ. ಒಂದನ್ನ ಕೊಟ್ಟು ಇನ್ನೊಂದರ ವಿಷಯಕ್ಕೆ ಬಾಯಿ ಮುಚ್ಕೊಂಡಿದೆ. ನಿಮ್ಮಮ್ಮನೂ ಹಾಗೇ ಇದ್ಲು."

"ದೇವರು ಅವಳಿಗೆ ನೆಮ್ಮದಿ ಕೊಡಲಿ, ನಿಮ್ಮ ಜೊತೆ ಸಂಸಾರ ಮಾಡೋಳಿಗೆ ಇನ್ನೇನು ದಾರಿ ಇತ್ತು," ಎಂದಳು ಉಮ್ಮ್ ಸಿದ್ರಾಕ್.

ನೆರ್ಮಿನ್ ಗೋಡೆ ನೋಡುತ್ತಿದ್ದಳು. ಗೋಡೆ ತುಂಬ ಮಾದರಿ ಫೋಟೋಗಳು: ಮದುವೆಗಳು, ನಾಮಕರಣಗಳು, ಶಾಲೆಯ ಕೊನೆಯ ದಿನಗಳು. ಯಾವುದಕ್ಕೂ ಅಂಚಿಲ್ಲ. ಹತ್ತು ವರ್ಷದಿಂದ ಈ ಊರಿನ ಸಂತೋಷಗಳೆಲ್ಲ ಇಷ್ಟಿಷ್ಟು ಹಿಗ್ಗಿವೆ. ಹಿಗ್ಗಿದಷ್ಟು ಸುತ್ತಲೂ ಚೆಲ್ಲಿಹೋಗಿದೆ. ಮದುವೆಯ ಸಾಲಿನ ತುದಿಯಲ್ಲಿ ಯಾವಾಗಲೂ ಯಾರೋ ಒಬ್ಬರು ನಿಂತಿರುತ್ತಾರೆ, ನಿಲ್ಲಲೋ ಬೇಡವೋ ಎಂದುಕೊಂಡು: ವಿಧವೆ ಚಿಕ್ಕಮ್ಮ, ಮದುಮಗನ ಜೊತೆ ಮಾತು ಬಿಟ್ಟ ಅಣ್ಣ, ಬಾಡಿಗೆ ಮನೆಯವರು. ಯಾರೂ ಬಂದು ನನ್ನ ಭುಜ ಎಲ್ಲಿ ಎಂದು ಕೇಳಿರಲಿಲ್ಲ. ಅಂಚಿನಲ್ಲಿ ನಿಲ್ಲುವವರು ಕೇಳುವವರಲ್ಲ. ನಡುವೆ ನಿಂತವರಿಗೆ ಗೊತ್ತೇ ಆಗಿರಲಿಲ್ಲ.

"ಈಗೇನು ಮಾಡೋದು?" ಮುದುಕಿ ಕೇಳಿದಳು.

"ರೋಲ್ ಕಾಗದ ಇದೆಯಾ?" ಅಪ್ಪ ಕೇಳಿದರು.

"ಒಂದು ಮೀಟರ್ ಉಳಿದಿರಬಹುದು. ಹಲಗೆಗಿಂತ ಅಗಲ ಇದೆ, ಎರಡೂ ಕಡೆ ಬೆರಳಗಲ ಮಾತ್ರ ಮಿಗುತ್ತೆ."

"ಸಾಕು. ಸುತ್ತಲೂ ಬಿಳಿ ಬಿಟ್ಟು ಹೊಡಿ. ಆಮೇಲೆ ಚಾಕು ತಗೊಂಡು ನಾವೇ ಕತ್ತರಿಸೋಣ. ನಾನು ಐವತ್ತು ವರ್ಷ ಇನ್ನೇನು ಮಾಡಿದ್ದು? ಬಿಳಿ ಇರೋದೇ ಕತ್ತರಿಸೋಕೆ."

ಉಮ್ಮ್ ಸಿದ್ರಾಕ್ ಲೋಟ ಕೆಳಗಿಟ್ಟು ಹತ್ತಿರ ಬಾಗಿದಳು. "ಹಾಗಾದ್ರೆ ಕೇಳಿ. ಪಟ ಶನಿವಾರವೇ ಬದಲಾಗಲಿ. ಗಂಟೆ ಹೊಡೆಯೋನ ಬಾಯಿ ನಾನು ಮುಚ್ಚಿಸ್ತೀನಿ. ಭಾನುವಾರ ಅವಳು ನಲವತ್ತು ಎಣಿಸ್ತಾಳೆ. ದಾರದ್ದು ಒಂದೇ ಸೆಂಟಿಮೀಟರ್ ತಾನೆ? ಮಧ್ಯಾಹ್ನ ಮಲಗ್ತಾಳಲ್ಲ, ಆಗ ನಾನೇ ಮೆಲ್ಲಗೆ ಗಂಟು ಒಳಕ್ಕೆ ಎಳೆದುಬಿಡ್ತೀನಿ. ಯಾರಿಗೂ ಏನೂ ಆಗಿಲ್ಲ."

ಯೋಚನೆ ಚೆನ್ನಾಗಿಯೇ ಇತ್ತು. ನೆರ್ಮಿನ್ ಅದನ್ನು ಒಪ್ಪಿಕೊಳ್ಳುವ ಅಂಚಿನಲ್ಲೇ ಇದ್ದಳು. ಹೇಳಿದರೆ ಹಿಲಾನಾ ಹೆದರುತ್ತಾಳೆ. ಏಳನೇ ತಿಂಗಳಲ್ಲಿ ಹೆದರಿಕೆ ಒಳ್ಳೆಯದಲ್ಲ. ಹೇಳದಿದ್ದರೆ ಏನೂ ಆಗುವುದಿಲ್ಲ. ಏನಾದರೂ ಆದರೆ? ಆಗ ಅಂಗಡಿಯಲ್ಲಿ ಕೂತಿರುವ ಈ ಮೂವರಿಗೆ, ಗಂಟೆ ಹೊಡೆಯುವವನಿಗೆ, ಎಲ್ಲರಿಗೂ ಗೊತ್ತಿರುತ್ತದೆ. ದಾರ ಕಟ್ಟಿಕೊಂಡವಳೊಬ್ಬಳಿಗೆ ಗೊತ್ತಿರುವುದಿಲ್ಲ. ಕಳೆದ ಎರಡು ವರ್ಷದಿಂದ ಅಕ್ಕತಂಗಿಯರ ನಡುವೆ ಆಡದೆ ಉಳಿದ ಮಾತು ಒಂದಿತ್ತು. ಅದರ ಪಕ್ಕಕ್ಕೆ ಇನ್ನೊಂದನ್ನು ಇಡಲು ಜಾಗವಿರಲಿಲ್ಲ.

"ನಾನು ಅವಳಿಗೆ ಹೇಳ್ತೀನಿ," ಎಂದಳು.

"ಹುಚ್ಚಾ ನಿನಗೆ?"

"ಹೇಳ್ತೀನಿ ಖಾಲಾ."

ಮುದುಕಿ ಶಾಲು ಕೊಡವಿಕೊಂಡು ಎದ್ದಳು. "ಉಸ್ತಾದ್, ನಿಮ್ಮ ಮಗಳಿಗೆ ಓದು ಬರುತ್ತೆ, ಬುದ್ಧಿ ಬರಲ್ಲ."

"ಓದಿಗೆ ಮಾತ್ರ ಫೀಸು ಕಟ್ಟಿದ್ದೆ," ಎಂದರು ವನೀಸ್.

ಹಿಲಾನಾ ಅಂಗಳದಲ್ಲಿ ಕಾಲು ಚಾಚಿ ಕೂತು ತಟ್ಟೆಯಲ್ಲಿ ಬೇಳೆ ಆರಿಸುತ್ತಿದ್ದಳು. ಗಂಡ ಸಿದ್ರಾಕ್ ಕಡಲತೀರದ ಹುರ್ಘಾದಾದ ಹೋಟೆಲಿನಲ್ಲಿ ಕೆಲಸಕ್ಕಿದ್ದ, ಈಸ್ಟರಿಗೆ ಬರುವವನು. ಅಕ್ಕನನ್ನು ಕಂಡು ಹಿಲಾನಾ ಪಕ್ಕದ ಲೋಟವನ್ನು ಬೆನ್ನ ಹಿಂದೆ ಸರಿಸಿದಳು.

"ಹಾಲು. ಅತ್ತೆ ಉಪವಾಸ ಮುರಿಸಿ ಕುಡಿಸ್ತಾಳೆ, ಆಮೇಲೆ ನನ್ನ ಪರವಾಗಿ ಅವಳೇ ಕ್ಷಮೆ ಕೇಳ್ತಾಳೆ. ಕೂತ್ಕೋ ಅಬ್ಲಾ. ಮುಖ ಯಾಕೆ ಹಾಗಿದೆ?"

ನೆರ್ಮಿನ್ ಕೂರಲಿಲ್ಲ. ನಿಂತೇ ಹೇಳಿದಳು. ಕಾಗದ, ಅಂಚು, ಹಿಗ್ಗಿದ್ದು, ಎರಡು ಮೂಲೆ, ಒಂದು ಸೆಂಟಿಮೀಟರ್. ಸುತ್ತಿಬಳಸಲಿಲ್ಲ. ಹೇಳಿ ಮುಗಿದಾಗ ಹಿಲಾನಾಳ ಕೈ ಬೇಳೆಯ ಮೇಲೆ ನಿಂತಿತ್ತು. ಅವಳ ಇನ್ನೊಂದು ಕೈ, ಅವಳಿಗೇ ಗೊತ್ತಿಲ್ಲದೆ, ಅಂಗಿಯ ಕೆಳಗಿನ ದಾರವನ್ನು ಹುಡುಕಿ ಹಿಡಿದುಕೊಂಡಿತ್ತು.

"ಮೂವತ್ತೆಂಟಾ?"

"ಹೂಂ."

"ಹೋದ ಸಲ ನೀನೇ ನಕ್ಕೆ," ಎಂದಳು ಹಿಲಾನಾ. ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಈ ಸಲ ನೀನು ನಗಲಿಲ್ಲ, ನಿನ್ನ ಯಂತ್ರದ ಕೈಲಿ ನಗಿಸಿದೆ."

"ನಾನು ನಕ್ಕಿದ್ದು ನಿನಗೆ..."

"ನೆನಪಿದೆ. ದಿನಕ್ಕೆ ಎಷ್ಟು ಸಲ, ಊಟಕ್ಕೆ ಮುಂಚೆಯೋ ಆಮೇಲೋ. ಆಸ್ಪತ್ರೆಲಿ ಆ ನರ್ಸ್ ಮಾತ್ರೆ ಕೊಡುವಾಗ ಅದನ್ನೇ ಹೇಳಿದ್ಲು, ಪಾಪ, ಅವಳಿಗೇನು ಗೊತ್ತು. ನಾನು ನಕ್ಕೆ. ಅವಳಿಗೆ ನಾನು ಹುಚ್ಚಿ ಅನ್ನಿಸಿರಬೇಕು."

ನೆರ್ಮಿನ್ ಈಗ ಕೂತಳು. ಬರೀ ನೆಲದ ಮೇಲೆಯೇ. ಕ್ಷಮಿಸು ಎನ್ನುವ ಪದ ಬಾಯಿಯವರೆಗೆ ಬಂದು ಬೇಳೆಯ ನಡುವಿನ ಕಲ್ಲಿನ ಹಾಗೆ ಸಿಕ್ಕಿಕೊಂಡಿತು. ಅದನ್ನು ಅವಳು ಹೇಳಿದಳೋ ಇಲ್ಲವೋ, ಆಮೇಲೆ ಅವಳಿಗೇ ಖಚಿತವಿರಲಿಲ್ಲ. ಹಿಲಾನಾ ತಟ್ಟೆಯಿಂದ ಒಂದು ಕಲ್ಲು ಹೆಕ್ಕಿ ದೂರ ಎಸೆದಳು, ಇನ್ನೊಂದು ಎಸೆದಳು.

"ಅತ್ತೆಗೂ ಗೊತ್ತು ತಾನೆ? ಅದಕ್ಕೇ ಬೆಳಗಿನಿಂದ ನನ್ನ ಮುಖ ನೋಡ್ತಿಲ್ಲ." ತಟ್ಟೆಯನ್ನು ಪಕ್ಕಕ್ಕಿಟ್ಟು ಕೇಳಿದಳು, "ಆ ಇಬ್ಬರು ಅಳಿಸಿ ಹೋಗಿದ್ದಾರಾ, ಕಾಣಿಸ್ತಿಲ್ಲ ಅಷ್ಟೇನಾ?"

"ಕಾಣಿಸ್ತಿಲ್ಲ ಅಷ್ಟೇ. ನನ್ನ ಹತ್ತಿರ ಇದ್ದಾರೆ."

"ತೋರಿಸು."

ಶುಕ್ರವಾರ ಬೆಳಿಗ್ಗೆ ಅಂಗಡಿಯಲ್ಲಿ ನಾಲ್ವರಿದ್ದರು. ಅಬೂನಾ ಬಿಶಾಯ್ ಪಟವನ್ನು ಅದರ ಪ್ಲೈವುಡ್ ಸಮೇತ ತಾವೇ ಹೊತ್ತು ತಂದು ಬಾಗಿಲಲ್ಲಿ ಇಟ್ಟು, "ಸಂತಳಿಗೆ ಸೆಂಟಿಮೀಟರ್ ಗೊತ್ತಿಲ್ಲ, ಆದರೆ ನನಗೆ ಈ ಹೆಂಗಸರು ಗೊತ್ತು," ಎಂದು ಹೇಳಿ ಯಾವುದೋ ಶವಸಂಸ್ಕಾರಕ್ಕೆ ಓಡಿದ್ದರು. ಉಮ್ಮ್ ಸಿದ್ರಾಕ್ ಸೊಸೆಯ ಪಕ್ಕ ಬಂದೂಕು ಹಿಡಿದ ಕಾವಲಿನವನ ಹಾಗೆ ಕೂತಿದ್ದಳು.

ಹಿಲಾನಾ ಪರದೆಯ ಮುಂದೆ ಬಗ್ಗಿ ಎರಡು ಮೂಲೆಗಳನ್ನೂ ತುಂಬ ಹೊತ್ತು ನೋಡಿದಳು. ಒಂದು ಕಣ್ಣು. ಅರ್ಧ ಬಾಯಿ.

"ಇಷ್ಟೇನಾ ಇವರು?"

"ಇಷ್ಟೇ."

"ಇಷ್ಟಾದರೂ ಇದ್ದಾರಲ್ಲ," ಎಂದಳು.

ನೆರ್ಮಿನ್ ಈ ಸಲ ಫೋಟೋದಲ್ಲಿ ಹಲಗೆಯ ಪಕ್ಕ ಬಂದಿದ್ದ ಸ್ಕೇಲನ್ನು ಕತ್ತರಿಸಿ ಎಸೆಯಲಿಲ್ಲ. ಅದನ್ನು ಚಿತ್ರದ ಮೇಲುಗಡೆ, ಬಿಳಿ ಉಳಿಯುವ ಜಾಗದಲ್ಲಿ ಮಲಗಿಸಿದಳು. ನಾಲ್ಕು ಮೂಲೆಗಳಿಗೂ ಕೂದಲಿನಷ್ಟು ತೆಳುವಾದ ಗುರುತಿನ ಗೆರೆ ಕೊಟ್ಟಳು. ಅಂಚಿಲ್ಲದೆ ಎನ್ನುವ ಗುರುತನ್ನು ತೆಗೆದಳು. ಹಿಗ್ಗಿಸುವ ಗುಂಡಿ ತಾನಾಗಿ ಮಸುಕಾಯಿತು. ಪ್ರಿಂಟರ್ ಒಂದು ಸಲ ಗೊರಕೆ ಹೊಡೆದು, ಕಾಗದವನ್ನು ಬೆರಳು ಬೆರಳಾಗಿ ಹೊರಕ್ಕೆ ಬಿಡತೊಡಗಿತು. ಮೊದಲು ಬಿಳಿ, ಆಮೇಲೆ ಸ್ಕೇಲು, ಆಮೇಲೆ ಪ್ರಭೆ, ನೆತ್ತಿ, ಹುಬ್ಬು.

"ತಲೆ ಮುಂದಾಗಿದೆ," ಎಂದಳು ಉಮ್ಮ್ ಸಿದ್ರಾಕ್. ಅವಳು ನಲವತ್ತು ವರ್ಷ ಓಣಿಯ ಹೆರಿಗೆಗಳಿಗೆ ಓಡಾಡಿದವಳು. "ಒಳ್ಳೇದು."

ಶಾಯಿ ಒಣಗಿದ ಮೇಲೆ ನೆರ್ಮಿನ್ ಉಕ್ಕಿನ ಸ್ಕೇಲನ್ನು ಕಾಗದದ ಸ್ಕೇಲಿನ ಪಕ್ಕಕ್ಕೆ ಹಚ್ಚಿದಳು. ಸೊನ್ನೆಗೆ ಸೊನ್ನೆ. ಹತ್ತಕ್ಕೆ ಹತ್ತು. ಮೂವತ್ತಮೂರರ ಬಳಿ ಉಕ್ಕಿನದಕ್ಕೆ ಎಂದೋ ಬಿದ್ದ ಪೆಟ್ಟಿನ ತಗ್ಗಿತ್ತು. ಅದರ ಎದುರೇ ಕಾಗದದಲ್ಲೂ ಅದೇ ತಗ್ಗು. ಅವಳು ಕೊನೆಯವರೆಗೂ ಹೋಗಿ ನೋಡಿದಳು. ಅಪ್ಪ ಕೇಳುವ ಮೊದಲೇ, "ಕೂತಿದೆ ಬಾಬಾ," ಎಂದಳು.

ಹಿಲಾನಾ ಬೆರಳಿಟ್ಟು ಎಣಿಸಿದಳು, ಕಾಗದಕ್ಕೆ ತಾಗಿಸದೆ, ಗಾಳಿಯಲ್ಲಿ. ನಲವತ್ತು.

ಇನ್ನು ಕತ್ತರಿಸಬೇಕು. ರೋಲಿನಲ್ಲಿ ಕಾಗದ ಮುಗಿದಿತ್ತು. ವನೀಸ್ ಎದ್ದು ಬಂದು, ಮೇಜನ್ನು ಅಂಗೈಯಿಂದ ಸವರಿ ಧೂಳಿಲ್ಲವೆಂದು ಖಚಿತ ಮಾಡಿಕೊಂಡು, ಸ್ಕೇಲಿನ ಮೇಲೆ ಎರಡೂ ಕೈಯ ಭಾರ ಹಾಕಿ ನಿಂತರು. ಚಾಕು ನೆರ್ಮಿನ್‌ಳ ಕೈಯಲ್ಲಿತ್ತು.

"ಒಂದೇ ಉಸಿರಿಗೆ ಎಳಿ. ಎಲ್ಲಿ ನಿಲ್ಲಿಸ್ತೀಯೋ ಅಲ್ಲಿ ಹಲ್ಲು ಬೀಳುತ್ತೆ."

ಮೇಲಿನ ಅಂಚು ಹೋಯಿತು. ಎಡಗಡೆಯದು ಹೋಯಿತು; ಒಂಟಿ ಕಣ್ಣಿನ ಹುಡುಗಿ ಪೂರ್ತಿ ಉಳಿದಳು. ಕೆಳಗಿನದು ಹೋಯಿತು. ಬಲಗಡೆಗೆ ಬಂದಾಗ ನೆರ್ಮಿನ್ ಚಾಕು ಎತ್ತಿ ನಿಂತುಬಿಟ್ಟಳು.

"ಏನಾಯ್ತು?"

"ಹಲಗೆ ನೇರವಾಗಿಲ್ಲ ಬಾಬಾ. ಕೈಗರಗಸದಲ್ಲಿ ಕೊಯ್ದದ್ದು, ಕೆಳಗೆ ಹೋಗ್ತಾ ಒಳಕ್ಕೆ ವಾಲಿ, ತುದೀಲಿ ಮತ್ತೆ ಹೊರಗೆ ಬಂದಿದೆ. ನೇರ ಎಳೆದರೆ ಹುಡುಗಿಯ ಬಾಯಿ ಹೋಗುತ್ತೆ. ಅವಳನ್ನ ಉಳಿಸಿಕೊಂಡು ಎಳೆದರೆ ಬಿಳಿ ಉಳಿಯುತ್ತೆ."

"ಎಷ್ಟು?"

"ಉಗುರಿನ ಅಂಚಿನಷ್ಟು. ಅರ್ಧಕ್ಕಿಂತ ಕೆಳಗೆ."

ಅಪ್ಪ ಸ್ಕೇಲಿನ ಮೇಲಿನ ಕೈಗಳನ್ನು ಸಡಿಲಿಸಿ, ಎಲ್ಲಿಡಬೇಕೋ ನೀನೇ ಇಡು ಎನ್ನುವಂತೆ ಕಾದರು. ನೆರ್ಮಿನ್ ಸ್ಕೇಲನ್ನು ಹೊರಕ್ಕೆ ಸರಿಸಿದಳು. ಎಳೆದಳು.

"ಉಳಿಯಿತಾ?" ಎಂದು ಕೇಳಿದರು.

"ಉಳಿಯಿತು."

"ಹುಡುಗಿಯೋ, ಬಿಳಿಯೋ?"

"ಇಬ್ಬರೂ."

"ಅಬೂನಾ ಕೇಳಿದ್ರೆ ನಾನು ಹೇಳ್ತೀನಿ," ಎಂದಳು ಉಮ್ಮ್ ಸಿದ್ರಾಕ್. "ಕ್ಯಾಲೆಂಡರ್ ಅಂತೆ! ಆ ಮನುಷ್ಯನ ಗಡ್ಡದಲ್ಲಿ ಇದಕ್ಕಿಂತ ಹೆಚ್ಚು ಬಿಳಿ ಇದೆ."

ಹಳೆಯ ಪ್ರಿಂಟನ್ನು ಕಿತ್ತು ಎಸೆಯುವ ಹಾಗಿರಲಿಲ್ಲ. ಎಷ್ಟೇ ತಪ್ಪಾಗಿದ್ದರೂ ಜನ ಮುಟ್ಟಿ ಕಣ್ಣಿಗೊತ್ತಿಕೊಂಡ ಮುಖ ಅದು. ಹೊಸದನ್ನು ಅದರ ಮೇಲೆಯೇ ಅಂಟಿಸಬೇಕೆಂದು ಮೊದಲೇ ತೀರ್ಮಾನವಾಗಿತ್ತು. ಅಂಟು ಕಲಸಲು ವನೀಸ್ ಒಳಗೆ ಹೋದರು.

"ಅದಕ್ಕೆ ಮುಂಚೆ," ಎಂದಳು ಹಿಲಾನಾ, "ದಾರ."

"ಇಲ್ಲೇನಾ?" ಅತ್ತೆ ಬೆಚ್ಚಿದಳು. "ಅಂಗಡೀಲಿ? ಧೂಪ ಇಲ್ಲ, ಪ್ರಾರ್ಥನೆ ಇಲ್ಲ?"

"ಚರ್ಚಲ್ಲಿ ಧೂಪ ಹಾಕಿ ಅಳೆದದ್ದು ಏನಾಯ್ತು ನೋಡಿದ್ವಲ್ಲ ಅಮ್ಮಾ. ಇದು ಅವಳ ಅಳತೆಯೇ ಅಲ್ಲ, ಬಿಚ್ಚಿದ್ರೆ ತಪ್ಪಿಲ್ಲ. ಭಾನುವಾರ ಅಬೂನಾ ಕೈಲಿ ಆಶೀರ್ವಾದ ಮಾಡಿಸಿದ್ರಾಯ್ತು. ಅಳತೆ ಮಾತ್ರ ಇಲ್ಲೇ ಆಗಲಿ, ನನ್ನ ಕಣ್ಣೆದುರಿಗೆ." ಅವಳು ಚೀಲದಲ್ಲಿ ಕೈ ಆಡಿಸಿದಳು. "ಅಯ್ಯೋ, ದಾರ ಮನೇಲೇ ಬಿಟ್ಟೆ."

ನೆರ್ಮಿನ್ ಡ್ರಾಯರ್ ಎಳೆದಳು. ಹಳೇ ನೆಗೆಟಿವ್ ಡಬ್ಬಿಗಳ ಹಿಂದೆ, ಮೂಲೆಯಲ್ಲಿ, ಅದು ಇತ್ತು. ಅರ್ಧ ಮುಗಿದ ಉಂಡೆ, ಸ್ವಲ್ಪ ಧೂಳು ಹಿಡಿದಿತ್ತು. ಅಂಗಿಯ ತೋಳಿಗೆ ಒರೆಸಿ ಮೇಜಿನ ಮೇಲೆ ಇಟ್ಟಳು. ಹಿಲಾನಾ ಉಂಡೆಯನ್ನು ನೋಡಿದಳು, ಅಕ್ಕನನ್ನು ನೋಡಿದಳು.

"ಇಷ್ಟೇ ಉಳಿದಿರೋದಾ?"

"ಹೋದದ್ದರಲ್ಲಿ ಫೋಟೋ ಸುರುಳಿ ಕಟ್ಟಿ ಕೊಟ್ಟೆ. ಆಮೇಲೆ ನಿಲ್ಲಿಸಿದೆ."

"ಐವತ್ತೊಂದು ಬರುತ್ತಾ?"

"ಬರುತ್ತೆ."

ಹಿಲಾನಾ ಉಂಡೆಯನ್ನು ಕೈಯಲ್ಲೇ ಇಟ್ಟುಕೊಂಡು ದಾರವನ್ನು ದಿಮ್ಯಾನಾಳ ನೆತ್ತಿಗೆ ಹಿಡಿದಳು. ಬಾಗಲು ಹೊಟ್ಟೆ ಅಡ್ಡ ಬಂತು; ಕೆಳಗಿನ ತುದಿ ಅವಳಿಗೆ ಎಟುಕಲಿಲ್ಲ. ಅತ್ತೆ ಕೈ ಚಾಚಿದಳು. ಹಿಲಾನಾ ತಲೆಯಾಡಿಸಿ ಬೇಡವೆಂದಳು.

"ಅಬ್ಲಾ, ನೀನು ಹಿಡಿ. ಪಾದದ ಹತ್ತಿರ. ಎಳೀಬೇಡ, ಸಡಿಲವೂ ಬಿಡಬೇಡ."

ನೆರ್ಮಿನ್ ಬಗ್ಗಿದಳು. ದಾರವನ್ನು ಸಂತಳ ಮೂಗಿನ ಮೇಲಿಂದ, ಎದೆಯ ಶಿಲುಬೆಯ ಮೇಲಿಂದ, ನಿಲುವಂಗಿಯ ನೆರಿಗೆಗಳ ಮೇಲಿಂದ ನೇರ ಇಳಿಸಿ, ಕಾಲ್ಬೆರಳ ತುದಿ ಕಾಣುವಂತೆ ಹೆಬ್ಬೆರಳ ಉಗುರನ್ನು ಅದರ ಮೇಲೆ ಒತ್ತಿದಳು. ಅವಳ ಕಣ್ಣಿಗೆ ಇಷ್ಟು ಹತ್ತಿರದಲ್ಲಿ ಬಲಮೂಲೆಯ ಅರ್ಧ ಬಾಯಿ ಇತ್ತು, ಅದರಾಚೆ ಉಗುರಿನಷ್ಟು ಬಿಳಿ, ಅದರಾಚೆ ಮೇಜು. ಅವಳಿಗೆ ಈಗಲೂ ದಾರದಲ್ಲಿ ನಂಬಿಕೆ ಬಂದಿರಲಿಲ್ಲ. ಆದರೆ ಇಷ್ಟು ಸರಿಯಾಗಿ ಅವಳು ಈ ತನಕ ಏನನ್ನೂ ಹಿಡಿದಿರಲಿಲ್ಲ.

ಮೇಲುಗಡೆ ಹಿಲಾನಾ ಕತ್ತರಿ ಆಡಿಸಿದ ಸದ್ದು ಕೇಳಿಸಿತು. ದಾರದ ಮೇಲಿನ ತುದಿ ಸಡಿಲವಾಗಿ ಕಾಗದದ ಮೇಲೆ ಮಲಗಿತು.

"ನಿನ್ನ ಕಡೆಯೂ ಕತ್ತರಿಸಬೇಕು," ಎಂದಳು ಹಿಲಾನಾ. "ಕೈ ತೆಗಿ."

"ತಡಿ," ಎಂದಳು ನೆರ್ಮಿನ್. "ನಾನು ತೆಗೆದರೆ ಜರುಗುತ್ತೆ. ಹೀಗೇ ಕತ್ತರಿಸು. ಉಗುರಿಗೆ ತಾಗಿಸಿಯೇ ಕತ್ತರಿಸು."